ಓದುಗರ ಪ್ರಶ್ನೆ: ಎಟ್ರೆಟಾದ ಬಂಡೆ ಬಲಕ್ಕೆ ತಿರುಗಿದ್ದೇಕೆ?

ಪ್ರಶ್ನೆ: ಫ್ರಾನ್ಸಿನ ಎಟ್ರೆಟಾ ಕಡಲತೀರವನ್ನು ಚಿತ್ರಿಸಿದ, ಹತ್ತೊಂಬತ್ತನೆಯ ಶತಮಾನದ್ದೆನ್ನಲಾದ ಎಚಿಂಗ್ (ಲೋಹದ ತಗಡನ್ನು ಆಮ್ಲದಿಂದ ಕೊರೆದು ಅಚ್ಚೊತ್ತಿದ ಚಿತ್ರ) ಒಂದು ನಮ್ಮ ಮನೆಯಲ್ಲಿದೆ. ಮುಂಭಾಗದ ಉರುಟುಕಲ್ಲಿನ ತೀರದಲ್ಲಿ ದೋಣಿಗಳಿವೆ, ಕಮಾನಿನ ಬಂಡೆ ಬಲಕ್ಕಿದೆ. ಛಾಯಾಚಿತ್ರಗಳಲ್ಲಿ ಅದು ಎಡಕ್ಕಿರುತ್ತದೆ. ಇದು ನಕಲಿಯೇ? ಕಪ್ಪಾದ ದೋಣಿಗಳಿಗೂ ತೆಳುಬೂದು ಆಕಾಶಕ್ಕೂ ಬೇರೆ ಬೇರೆ ಶಾಯಿ ಬಳಸಿದ್ದಾರೆಯೇ?

ಉತ್ತರ: ಎಡಬಲ ಅದಲುಬದಲಾದ ಮಾತ್ರಕ್ಕೆ ನಕಲಿ ಎನ್ನುವಂತಿಲ್ಲ. ತಾಮ್ರದ ತಗಡಿನ ಮೇಲೆ ಕೊರೆದದ್ದು ಕಾಗದಕ್ಕೆ ಇಳಿಯುವಾಗ ತಿರುಗುಮುರುಗಾಗುತ್ತದೆ. ಆದ್ದರಿಂದ ಕಂಡ ದೃಶ್ಯವನ್ನು ಹಾಗೆಯೇ ತಗಡಿಗೆ ಇಳಿಸಿದ ಕಲಾವಿದನ ಮುದ್ರಿಕೆಯಲ್ಲಿ ಅದು ಕನ್ನಡಿಯಲ್ಲಿ ಕಂಡಂತೆ ಬರುತ್ತದೆ. ಆದರೆ ಎಟ್ರೆಟಾದಲ್ಲಿ ಒಂದು ಎಚ್ಚರ ಬೇಕು. ಅವಾಲ್ ಎಂಬ ಆ ಕಮಾನನ್ನು ಅದರ ಪಶ್ಚಿಮದ ಬಂಡೆಯ ನೆತ್ತಿಯಿಂದ ನೋಡಿದರೂ ಕಡಲು ಎಡಕ್ಕೂ ನೆಲ ಬಲಕ್ಕೂ ಕಾಣುತ್ತವೆ. ನಿಮ್ಮ ಚಿತ್ರದ ಮುಂಭಾಗದಲ್ಲಿ ದೋಣಿಗಳಿರುವುದರಿಂದ, ಅವುಗಳ ನಡುವೆ ಹುಲ್ಲಿನ ಮಾಡು ಹೊದಿಸಿ ಬಲೆ-ಸಾಮಾನುಗಳನ್ನಿಡಲು ಬಳಸುತ್ತಿದ್ದ ಹಳೆಯ ‘ಕಲೋಜ್’ ದೋಣಿಗಳೂ ಇದ್ದರಂತೂ, ಕಲಾವಿದ ಊರಿನ ದಂಡೆಯಲ್ಲೇ ನಿಂತು ಬರೆದದ್ದೆಂದು ಹೇಳಬಹುದು. ಹಾಗಿದ್ದರೆ ಅದು ತಿರುಗಿದ ಚಿತ್ರವೇ. ಸಹಿ ನೇರವಾಗಿ ಓದಲು ಬರುತ್ತದೆ ಎಂಬುದನ್ನು ಮಾತ್ರ ಚಿತ್ರ ತಿರುಗಿಲ್ಲ ಎನ್ನಲು ಪುರಾವೆಯೆಂದು ಹಿಡಿಯಬೇಡಿ, ಏಕೆಂದರೆ ದೃಶ್ಯವನ್ನು ಹಾಗೆಯೇ ಬಿಟ್ಟು ಸಹಿಯನ್ನಷ್ಟೇ ತಗಡಿನ ಮೇಲೆ ಉಲ್ಟಾ ಬರೆಯುತ್ತಿದ್ದವರೂ ಇದ್ದರು.

ಶಾಯಿ ಒಂದೇ ಇರಬಹುದು. ವ್ಯತ್ಯಾಸವಿರುವುದು ಆಮ್ಲದಲ್ಲಿ. ಮೇಣ, ಡಾಂಬರು, ರಾಳ ಬೆರೆತ ಲೇಪವನ್ನು ತಗಡಿಗೆ ಬಳಿದು, ಸೂಜಿಯಿಂದ ಗೀರಿ, ನೈಟ್ರಿಕ್ ಆಮ್ಲದಲ್ಲಿ ಇಟ್ಟಾಗ ಗೀರಿದ ಕಡೆ ಮಾತ್ರ ತಾಮ್ರ ಕೊರೆಯುತ್ತದೆ. ಸ್ವಲ್ಪ ಹೊತ್ತಿನ ನಂತರ ತಗಡನ್ನು ಹೊರತೆಗೆದು, ಆಕಾಶದ ಗೆರೆಗಳಿಗೆ ವಾರ್ನಿಷ್ ಹಚ್ಚಿ ಮುಚ್ಚಿ, ಉಳಿದದ್ದನ್ನು ಮತ್ತೆ ಆಮ್ಲಕ್ಕೆ ಇಳಿಸುತ್ತಾರೆ. ದೋಣಿಗಳ ಗೆರೆಗಳು ಕೊನೆಯವರೆಗೂ ಉಳಿದು ಆಳವಾಗುವುದರಿಂದ ಹೆಚ್ಚು ಶಾಯಿ ಹಿಡಿಯುತ್ತವೆ. 1862ರಲ್ಲಿ ಪ್ಯಾರಿಸ್ಸಿನಲ್ಲಿ ಆಲ್ಫ್ರೆಡ್ ಕಾದಾರ್ ಎಂಬ ಪ್ರಕಾಶಕ ಆರಂಭಿಸಿದ ಎಚಿಂಗ್ ಕಲಾವಿದರ ಸಂಘದಲ್ಲಿದ್ದ ಮ್ಯಾಕ್ಸಿಮ್ ಲಲಾನ್, 1866ರಲ್ಲಿ ಈ ವಿದ್ಯೆಯ ಬಗ್ಗೆ ಕೈಪಿಡಿಯನ್ನೇ ಬರೆದ. ನನ್ನ ಮಟ್ಟಿಗೆ ಈ ಕಲೆಯ ನಿಜವಾದ ಜಾಣ್ಮೆ ಗೀರುವುದಕ್ಕಿಂತ, ಯಾವ ಗೆರೆಯನ್ನು ಯಾವಾಗ ಮುಚ್ಚಬೇಕೆಂಬ ಲೆಕ್ಕದಲ್ಲಿದೆ.

ನಕಲಿಯೆಂಬ ಅನುಮಾನವಿದ್ದರೆ ಭೂತಗನ್ನಡಿ ಹಿಡಿದು ನೋಡಿ. ಬೂದುಬಣ್ಣವು ಸಾಲುಸಾಲಾದ ಸಣ್ಣ ಚುಕ್ಕಿಗಳಾಗಿ ಒಡೆದು ಕಂಡರೆ ಅದು ಛಾಯಾಚಿತ್ರದಿಂದ ಅಚ್ಚಾದ ಪ್ರತಿ. ಗೆರೆಗಳಲ್ಲಿ ಶಾಯಿ ಉಬ್ಬಿದ್ದು, ಚಿತ್ರದ ಸುತ್ತ ತಗಡು ಒತ್ತಿದ ಗುರುತೂ ಇದ್ದರೆ, ಚೌಕಟ್ಟಿನಿಂದ ನೀವೇ ಬಿಚ್ಚಲು ಹೋಗದೆ ಮುದ್ರಣಕಲೆ ಬಲ್ಲವರಿಗೆ ತೋರಿಸಿ.