ಜರ್ಮನಿಯ ಎಡಪಂಥೀಯ ಫೌಂಡೇಶನ್‌ಗೆ ಬೇರೆ ದೇಶಗಳಲ್ಲಿ ಕಚೇರಿ ಯಾಕೆ? ಆ ದುಡ್ಡು ಯಾರದು?

ನೀವು ಕೇಳಿರೋದು ಇಷ್ಟು: ಜರ್ಮನಿಯ ರೋಸಾ ಲಕ್ಸೆಂಬರ್ಗ್ ಫೌಂಡೇಶನ್ ನ್ಯೂಯಾರ್ಕ್‌ನಲ್ಲೂ ದೆಹಲಿಯಲ್ಲೂ ಕಚೇರಿ ಇಟ್ಟುಕೊಂಡು ಎಡಪಂಥೀಯ ಕೆಲಸ ಮಾಡುತ್ತದಲ್ಲ, ಅದಕ್ಕೆ ದುಡ್ಡು ಎಲ್ಲಿಂದ ಬರುತ್ತದೆ, ಅದು ಬೇರೆಯವರ ಮನೆ ವಿಷಯದಲ್ಲಿ ತಲೆ ಹಾಕಿದಂತೆ ಅಲ್ವಾ?

ಮೊದಲು ದುಡ್ಡಿನ ಮಾತು. ಅದು ಜರ್ಮನಿಯ ಜನ ಕಟ್ಟುವ ತೆರಿಗೆ. ಯಾವುದೋ ಸಾಹುಕಾರನ ದಾನ ಅಲ್ಲ, ಗುಪ್ತ ನಿಧಿಯೂ ಅಲ್ಲ. ಎರಡನೆಯ ಪ್ರಶ್ನೆಗೆ ನನ್ನ ಉತ್ತರ: ಪ್ರಭಾವ ಬೀರಬೇಕು ಅಂತಲೇ ಅವರು ಬರುತ್ತಾರೆ, ಅದನ್ನು ಅವರೇ ಹೇಳಿಕೊಳ್ಳುತ್ತಾರೆ. ಆದರೆ ಅಷ್ಟಕ್ಕೇ ಅದು ತಪ್ಪಾಗುವುದಿಲ್ಲ. ಬೆಂಗಳೂರಿನಲ್ಲಿ ಗಾರ್ಮೆಂಟ್ಸ್ ಹೆಣ್ಣುಮಕ್ಕಳಿಗೆ ಕಾನೂನು ತಿಳಿಸುವ ಒಂದು ಸಣ್ಣ ಸಂಸ್ಥೆಯಲ್ಲಿ ನಾನು ಕೆಲವು ವರ್ಷ ಲೆಕ್ಕ ಬರೆದಿದ್ದೇನೆ. ಇಂಥದ್ದೇ ಒಂದು ಜರ್ಮನ್ ಫೌಂಡೇಶನ್‌ನ ದುಡ್ಡು, ದೆಹಲಿಯ ಇನ್ನೊಂದು ಸಂಸ್ಥೆಯ ಮೂಲಕ ನಮಗೆ ಬರುತ್ತಿತ್ತು. ಯಾವುದು ಅನ್ನುವ ಹೆಸರು ಇಲ್ಲಿ ಬೇಡ. ಆ ವೋಚರ್‌ಗಳನ್ನು ಕೈಯಲ್ಲಿ ಹಿಡಿದವಳಾಗಿ ಬರೆಯುತ್ತಿದ್ದೇನೆ.

ಜರ್ಮನಿಯಲ್ಲಿ ಪ್ರತಿ ದೊಡ್ಡ ಪಕ್ಷದ ಪಕ್ಕದಲ್ಲಿ ಒಂದೊಂದು ಫೌಂಡೇಶನ್ ಇದೆ. ಸೋಶಿಯಲ್ ಡೆಮಾಕ್ರಟರ ಕಡೆಗೆ ಫ್ರೀಡ್ರಿಕ್ ಎಬರ್ಟ್, ಕ್ರಿಶ್ಚಿಯನ್ ಡೆಮಾಕ್ರಟರ ಕಡೆಗೆ ಕೊನ್ರಾಡ್ ಅಡೆನಾವರ್, ಬವೇರಿಯಾದ ಪಕ್ಷಕ್ಕೆ ಹಾನ್ಸ್ ಸೈಡೆಲ್, ಉದಾರವಾದಿಗಳಿಗೆ ಫ್ರೀಡ್ರಿಕ್ ನೌಮನ್, ಗ್ರೀನ್ ಪಕ್ಷಕ್ಕೆ ಹೈನ್ರಿಶ್ ಬೋಲ್. ಎಡಪಂಥದ ಡೀ ಲಿಂಕೆ ಪಕ್ಷದ ಜೊತೆಗಿರೋದು ರೋಸಾ ಲಕ್ಸೆಂಬರ್ಗ್. ಅಂದರೆ ಎಡಪಂಥದವರು ಮಾತ್ರ ಹೊರದೇಶಕ್ಕೆ ಹೋಗಿ ಕಚೇರಿ ತೆರೆಯುತ್ತಾರೆ ಅನ್ನೋದು ಸರಿಯಲ್ಲ. ಬಲಪಂಥದ ಅಡೆನಾವರ್ ಫೌಂಡೇಶನ್‌ಗೂ ಲೋಕದ ತುಂಬ ಕಚೇರಿಗಳಿವೆ, ದೆಹಲಿಯಲ್ಲೂ ಇದೆ. ಅದರ ಬಗ್ಗೆ ಇಂಥ ಪ್ರಶ್ನೆ ಬಂದದ್ದನ್ನು ನಾನು ಕಂಡಿಲ್ಲ.

ಪಕ್ಷ ಬೇರೆ, ಫೌಂಡೇಶನ್ ಬೇರೆ ಇರಬೇಕು ಅನ್ನೋದು ಅಲ್ಲಿನ ನಿಯಮ. ಹಿಂದೊಮ್ಮೆ ಗ್ರೀನ್ ಪಕ್ಷದವರು ಈ ಅನುದಾನವೇ ತಪ್ಪು ಅಂತ ಸಾಂವಿಧಾನಿಕ ನ್ಯಾಯಾಲಯಕ್ಕೆ ಹೋಗಿದ್ದರು. ಫೌಂಡೇಶನ್‌ಗಳು ಪಕ್ಷದಿಂದ ದೂರ ಇದ್ದು ಸ್ವತಂತ್ರವಾಗಿ ನಡೆಯುವುದಾದರೆ ದುಡ್ಡು ಕೊಡಬಹುದು ಅಂತ 1986ರಲ್ಲಿ ತೀರ್ಪು ಬಂತು. ಚುನಾವಣಾ ಪ್ರಚಾರಕ್ಕೆ ಅದನ್ನು ಬಳಸುವಂತಿಲ್ಲ. ಎಷ್ಟು ದುಡ್ಡು ಅನ್ನೋದು ಸಂಸತ್ತಿನಲ್ಲಿ ಪಕ್ಷದ ಬಲ ನೋಡಿ ತೀರ್ಮಾನ ಆಗುತ್ತದೆ. ಒಂದು ಸಲ ಗೆದ್ದರೆ ಸಾಲದು, ಸತತವಾಗಿ ಗೆದ್ದು ಅಲ್ಲಿರಬೇಕು. ಹೊರದೇಶದ ಕೆಲಸಕ್ಕೆ ಹೆಚ್ಚಿನ ಪಾಲು ಬರೋದು ಅಭಿವೃದ್ಧಿ ಸಹಕಾರ ಸಚಿವಾಲಯದಿಂದ. 2021ರಲ್ಲಿ ಡೀ ಲಿಂಕೆ 4.9 ಶೇಕಡಾ ಮತಕ್ಕೆ ಇಳಿದಿತ್ತು, ಸಂಸತ್ತಿಗೆ ಹೋಗೋಕೆ ಸಾಮಾನ್ಯವಾಗಿ ಬೇಕಾದದ್ದಕ್ಕಿಂತ ಅದು ಕಡಿಮೆ. ಮೂರು ಕ್ಷೇತ್ರಗಳನ್ನು ನೇರವಾಗಿ ಗೆದ್ದಿದ್ದರಿಂದ ಮಾತ್ರ ಸಂಸತ್ತಿನಲ್ಲಿ ಉಳಿಯಿತು. 2025ರ ಫೆಬ್ರವರಿಯಲ್ಲಿ 8.8 ಶೇಕಡಾಕ್ಕೆ ಏರಿತು. ಅಲ್ಲಿನ ಮತದಾರ ಮನಸ್ಸು ಬದಲಿಸಿದರೆ ಇಲ್ಲಿ ದೆಹಲಿಯ ಕಚೇರಿಯಲ್ಲಿ ಕೂತವರ ಕೆಲಸಕ್ಕೂ ಕುತ್ತು.

ಎಡಪಂಥೀಯ ಕ್ರಾಂತಿಕಾರಿ ರೋಸಾ ಲಕ್ಸೆಂಬರ್ಗ್ ಅವರ ಹೆಸರು ಯಾಕೆ ಅನ್ನೋದನ್ನು ಹೇಳದೆ ಮುಂದೆ ಹೋಗೋಕೆ ನನಗೆ ಮನಸ್ಸಾಗುತ್ತಿಲ್ಲ. 2019ರ ಜನವರಿಯಲ್ಲಿ ನಾನು ಬರ್ಲಿನ್‌ನಲ್ಲಿದ್ದೆ. ತಂಗಿ ಅಲ್ಲಿ ಓದುತ್ತಿದ್ದಳು. ರೋಸಾ ಕೊಲೆಯಾಗಿ ಸರಿಯಾಗಿ 100 ವರ್ಷ ಆಗಿತ್ತು. ಒಂದು ಭಾನುವಾರ ಬೆಳಗ್ಗೆ ಫ್ರೀಡ್ರಿಕ್ಸ್‌ಫೆಲ್ಡೆ ಸ್ಮಶಾನಕ್ಕೆ ಹೋದೆವು. ಕೈ ಮರಗಟ್ಟುವ ಚಳಿ. ಗೇಟಿನಿಂದಲೇ ಸಾಲು. ಪ್ರತಿಯೊಬ್ಬರ ಕೈಯಲ್ಲೂ ಕೆಂಪು ಕಾರ್ನೇಶನ್ ಹೂವು, ಹೆಚ್ಚಿನವರ ಕೈಯಲ್ಲಿ ಒಂದೇ ಒಂದು. ನಡುವೆ ಒಂದು ಎತ್ತರದ ಕಲ್ಲು, ಸತ್ತವರು ನಮ್ಮನ್ನು ಎಚ್ಚರಿಸುತ್ತಾರೆ ಅಂತ ಅದರ ಮೇಲೆ ಜರ್ಮನ್‌ನಲ್ಲಿ ಬರೆದಿದೆ. ಅದರ ಸುತ್ತ ನೆಲಮಟ್ಟದಲ್ಲಿ ಹೆಸರಿನ ಚಪ್ಪಡಿಗಳು. ರೋಸಾ ಹೆಸರಿನ ಚಪ್ಪಡಿ ಹೂವಿನಲ್ಲಿ ಮುಚ್ಚಿಹೋಗಿ ಅಕ್ಷರ ಕಾಣುತ್ತಿರಲಿಲ್ಲ. ನನ್ನ ಮುಂದಿದ್ದ ಒಬ್ಬ ಅಜ್ಜಿ ಬಗ್ಗಿ, ಒಂದೆರಡು ಹೂವು ಪಕ್ಕಕ್ಕೆ ಸರಿಸಿ, ಹೆಸರು ಕಾಣುವ ಹಾಗೆ ಮಾಡಿ, ಆಮೇಲೆ ತನ್ನ ಹೂವಿಟ್ಟರು.

1919ರ ಜನವರಿ 15ರಂದು ಆಕೆಯನ್ನು ಬಲಪಂಥೀಯ ಸೈನಿಕ ಪಡೆಯವರು ಕೊಂದು ಹೆಣವನ್ನು ಲ್ಯಾಂಡ್‌ವೇರ್ ಕಾಲುವೆಗೆ ಎಸೆದರು. ಆಗ ಸರ್ಕಾರದ ಮುಖ್ಯಸ್ಥ ಆಗಿದ್ದವರು ಸೋಶಿಯಲ್ ಡೆಮಾಕ್ರಟ್ ನಾಯಕ ಫ್ರೀಡ್ರಿಕ್ ಎಬರ್ಟ್. ಎರಡು ಹೆಸರುಗಳೂ ಇವತ್ತು ಒಂದೇ ಬಜೆಟ್‌ನ ದುಡ್ಡಲ್ಲಿ ನಡೆಯುವ ಎರಡು ಫೌಂಡೇಶನ್‌ಗಳ ಮೇಲಿವೆ. ಒಂದು ದೇಶ ತನ್ನ ಹಳೆ ಗಾಯವನ್ನು ಹೀಗೆ ಎರಡೂ ಕಡೆಯಿಂದ ಇಟ್ಟುಕೊಂಡಿರೋದು ನನಗೆ ದೊಡ್ಡ ವಿಷಯ ಅನಿಸುತ್ತದೆ. ಸ್ವಾತಂತ್ರ್ಯ ಅಂದರೆ ಬೇರೆ ರೀತಿ ಯೋಚಿಸುವವನ ಸ್ವಾತಂತ್ರ್ಯ ಅಂತ ರೋಸಾ ಬರೆದಿದ್ದರು. ಅದನ್ನು ಬರೆದದ್ದು ರಷ್ಯಾದಲ್ಲಿ ಕ್ರಾಂತಿ ಮಾಡಿದ ತನ್ನದೇ ಕಡೆಯವರನ್ನು ಟೀಕಿಸುವಾಗ. ಕಮ್ಯುನಿಸ್ಟ್ ಆಳ್ವಿಕೆ ಬಿದ್ದಮೇಲೆ, 1990ರಲ್ಲಿ, ಪೂರ್ವ ಜರ್ಮನಿಯ ಎಡಪಂಥದವರು ಈ ಸಂಸ್ಥೆ ಕಟ್ಟಿದರು. ಮುಂದೆ ಅದಕ್ಕೆ ಈಕೆಯ ಹೆಸರೇ ನಿಂತಿತು. ಅದರ ಕಾರಣ ಆ ಒಂದು ಮಾತಿನಲ್ಲಿದೆ.

ಈಗ ಕಚೇರಿಯ ಕೆಲಸ. ನ್ಯೂಯಾರ್ಕ್ ಕಚೇರಿ ಶುರುವಾದದ್ದು 2012ರಲ್ಲಿ. ಅಮೆರಿಕ, ಕೆನಡಾ ಮತ್ತು ವಿಶ್ವಸಂಸ್ಥೆ ಅದರ ವ್ಯಾಪ್ತಿ. ಅಲ್ಲಿ ಯಾರೂ ಪಕ್ಷ ಕಟ್ಟುತ್ತಿಲ್ಲ, ಯಾರ ಚುನಾವಣೆಗೂ ದುಡ್ಡು ಹಂಚುತ್ತಿಲ್ಲ. ಅವರು ಜನರನ್ನು ಒಂದು ಕೋಣೆಯಲ್ಲಿ ಕೂರಿಸುತ್ತಾರೆ, ಮಾತಾಡಿದ್ದನ್ನು ಬರೆಸುತ್ತಾರೆ, ಅಚ್ಚು ಹಾಕುತ್ತಾರೆ. ಅದೇ 2012ರ ಅಕ್ಟೋಬರ್‌ನಲ್ಲಿ ಬೇರೆ ಬೇರೆ ದೇಶಗಳ ಕಾರ್ಮಿಕ ಸಂಘಗಳವರು ನ್ಯೂಯಾರ್ಕ್‌ನಲ್ಲಿ ಸೇರಿ ಹವಾಮಾನ ಬದಲಾವಣೆ ಬಗ್ಗೆ ಚರ್ಚೆ ಮಾಡಿದರು. ಅದಕ್ಕೆ ಈ ಕಚೇರಿಯ ಬೆಂಬಲ ಇತ್ತು. ಆ ಚರ್ಚೆಯಿಂದ ‘ಟ್ರೇಡ್ ಯೂನಿಯನ್ಸ್ ಫಾರ್ ಎನರ್ಜಿ ಡೆಮಾಕ್ರಸಿ’ ಅನ್ನುವ ಜಾಲ ಹುಟ್ಟಿತು. ಕರೆಂಟು, ಇಂಧನ ಸಾರ್ವಜನಿಕರ ಒಡೆತನದಲ್ಲಿ ಇರಬೇಕು, ಕಲ್ಲಿದ್ದಲು ಬಿಡುವಾಗ ಅದನ್ನೇ ನಂಬಿದ ಕೆಲಸಗಾರನನ್ನು ಬೀದಿಗೆ ತಳ್ಳಬಾರದು ಅನ್ನೋದು ಅದರ ವಾದ. ಇದು ಎಡಪಂಥದ ವಾದವೇ. ನಾನು ಒಪ್ಪುತ್ತೇನೆ, ನೀವು ಒಪ್ಪದೇ ಇರಬಹುದು. ಆದರೆ ಗಣಿ ಕಾರ್ಮಿಕನನ್ನೂ ಪರಿಸರದವನನ್ನೂ ಒಂದೇ ಮೇಜಿನ ಮುಂದೆ ಕೂರಿಸಬೇಕಾದರೆ ವಿಮಾನದ ಟಿಕೆಟ್ಟು, ಕೋಣೆ ಬಾಡಿಗೆ, ಭಾಷಾಂತರ ಮಾಡುವವರ ಸಂಬಳ ಯಾರೋ ಕೊಡಬೇಕಲ್ಲ. ಕಂಪನಿಗಳು ತಮ್ಮ ಸಭೆಗೆ ತಾವೇ ಕೊಟ್ಟುಕೊಳ್ಳುತ್ತವೆ. ಕೂಲಿಯವರಿಗೆ ಆ ಅನುಕೂಲ ಎಲ್ಲಿದೆ?

ನಮ್ಮ ಸಂಸ್ಥೆಯಲ್ಲಿ ಅದು ಇನ್ನೂ ಸಣ್ಣ ಮಟ್ಟದಲ್ಲಿ ನಡೆಯುತ್ತಿತ್ತು. ತಿಂಗಳಿಗೊಂದು ಭಾನುವಾರ 30, 40 ಜನ ಹೆಂಗಸರು ಬರುತ್ತಿದ್ದರು. ಪಿಎಫ್ ಅಂದರೇನು, ಹೆರಿಗೆ ರಜೆ ಎಷ್ಟು, ಓಟಿಗೆ (ಹೆಚ್ಚುವರಿ ಹೊತ್ತಿನ ಕೆಲಸಕ್ಕೆ) ಡಬಲ್ ಸಂಬಳ ಕೇಳೋದು ಹೇಗೆ, ಸೂಪರ್‌ವೈಸರ್ ಕೆಟ್ಟ ಮಾತಾಡಿದರೆ ಯಾರಿಗೆ ದೂರು ಕೊಡಬೇಕು. ಮಧ್ಯಾಹ್ನ ಪುಳಿಯೋಗರೆ, ಮೊಸರನ್ನ. ಬಸ್ ಚಾರ್ಜು ನಾವೇ ಕೊಡುತ್ತಿದ್ದೆವು. ಅದಕ್ಕೆ ಅವರು ಬಿಎಂಟಿಸಿ ಟಿಕೆಟ್ ತಂದುಕೊಡಬೇಕಿತ್ತು. ನಾನು ಅವನ್ನು ಒಂದೊಂದಾಗಿ ಬಿಳಿ ಹಾಳೆಗೆ ಅಂಟಿಸಿ, ಪಕ್ಕದಲ್ಲಿ ಹೆಸರು ಬರೆದು, ಸಹಿ ಹಾಕಿಸುತ್ತಿದ್ದೆ. ಬೆವರಿಗೆ ಒದ್ದೆಯಾಗಿ ಅಕ್ಷರ ಅಳಿಸಿದ ಟಿಕೆಟ್‌ಗಳು ಎಷ್ಟೋ. ಆಡಿಟರ್ ಅದನ್ನು ಒಪ್ಪುತ್ತಿರಲಿಲ್ಲ. ನಾನು ಕಂಡ ವಿದೇಶಿ ದುಡ್ಡು ಅಂದರೆ ಆ ಅಂಟಿನ ವಾಸನೆಯ ಹಾಳೆಗಳು.

ಒಂದು ಭಾನುವಾರ ಒಬ್ಬ ಹೆಣ್ಣುಮಗಳು ಎಲ್ಲರ ಮುಂದೆ ಎದ್ದು ನಿಂತು ಕೇಳಿದಳು, ‘ಅಕ್ಕಾ, ಈ ಊಟದ ದುಡ್ಡು ಯಾರದು?’ ಜರ್ಮನಿಯವರ ತೆರಿಗೆ ದುಡ್ಡು, ಅಲ್ಲಿ ಏನೇ ಕೊಂಡರೂ ತೆರಿಗೆ ಇದೆ, ಬಟ್ಟೆ ಮೇಲೆ 19 ಶೇಕಡಾ ಅಂತ ಹೇಳಿದೆ. ಅವಳು ಸ್ವಲ್ಪ ಹೊತ್ತು ಯೋಚಿಸಿದಳು. ‘ನಮ್ ಲೈನಲ್ಲಿ ಹೊಲಿದ ಪೀಸೂ ಅಲ್ಲಿಗೇ ಹೋಗ್ತದಲ್ಲ. ಹಂಗಾರೆ ಅದ್ರದ್ದೂ ಸೇರೈತೆ’ ಅಂದಳು. ಆಮೇಲೆ ಕೂತು ಊಟ ಮಾಡಿದಳು. ವಿದೇಶಿ ಹಣ ಅನ್ನುವ ಮಾತು ಬಂದಾಗೆಲ್ಲ ನನಗೆ ಇವಳೇ ನೆನಪಾಗುತ್ತಾಳೆ.

ತೊಂದರೆ ಇಲ್ಲ ಅಂತ ನಾನು ಹೇಳುತ್ತಿಲ್ಲ, ಇದೆ. ಕೊಟ್ಟ ದುಡ್ಡು ಡಿಸೆಂಬರ್ ಒಳಗೆ ಖರ್ಚಾಗಬೇಕಿತ್ತು. ಹೆಂಗಸರ ಕಷ್ಟಕ್ಕೆ ಡಿಸೆಂಬರ್ ಗೊತ್ತಿಲ್ಲ. ಎರಡು ವರ್ಷ ಕಷ್ಟಪಟ್ಟು ಕಟ್ಟಿದ ಗುಂಪನ್ನು, ಮುಂದಿನ ವರ್ಷದ ವಿಷಯ ಬೇರೆ ಅಂತ ಬಿಡಬೇಕಾಗಿ ಬಂದಾಗ ನಾನು ಅತ್ತಿದ್ದೇನೆ. ಇನ್ನೊಂದು ತೊಂದರೆ ಭಾಷೆಯದ್ದು. ಅರ್ಜಿಯಲ್ಲಿ ಅವರಿಗೆ ಇಷ್ಟವಾಗುವ ಪದ ಬರೆಯೋದು ನಿಧಾನಕ್ಕೆ ಅಭ್ಯಾಸ ಆಗಿಬಿಡುತ್ತದೆ. ಹೆಂಗಸರು ಕೇಳಿದ್ದು ಫ್ಯಾಕ್ಟರಿಯಲ್ಲಿ ಕುಡಿಯುವ ನೀರು, ಶೌಚಾಲಯಕ್ಕೆ ಹೋಗೋಕೆ ಐದು ನಿಮಿಷ. ನಾವು ಬರೆದದ್ದು ಇನ್ನೇನೋ. ಈ ದುಡ್ಡಿನ ನಿಜವಾದ ಅಪಾಯ ನನ್ನ ಪ್ರಕಾರ ಇದು. ಗೂಢಚಾರಿಕೆ ಅಲ್ಲ, ನಮ್ಮ ಪ್ರಶ್ನೆಯನ್ನು ಬೇರೆಯವರು ಬರೆದುಕೊಡೋದು.

ತಲೆ ಹಾಕೋದು ಎಂದೂ ನಡೆದಿಲ್ಲವಾ ಅಂದರೆ, ನಡೆದಿದೆ. ಪೋರ್ಚುಗಲ್‌ನ ಸೋಶಿಯಲಿಸ್ಟ್ ಪಕ್ಷ 1973ರಲ್ಲಿ ಸ್ಥಾಪನೆಯಾದದ್ದೇ ಜರ್ಮನಿಯ ಬಾಡ್ ಮುನ್‌ಸ್ಟರೈಫೆಲ್ ಅನ್ನುವ ಊರಿನಲ್ಲಿ, ಎಬರ್ಟ್ ಫೌಂಡೇಶನ್‌ನ ಬೆಂಬಲದಲ್ಲಿ. ಆಗ ಪೋರ್ಚುಗಲ್‌ನಲ್ಲಿ ಸರ್ವಾಧಿಕಾರ ಇತ್ತು, ಆ ಪಕ್ಷದ ನಾಯಕ ಮಾರಿಯೋ ಸೊವಾರೆಸ್ ದೇಶ ಬಿಟ್ಟು ಹೊರಗಿದ್ದರು. ಮರುವರ್ಷ ಆ ಆಡಳಿತ ಬಿತ್ತು, ಆಮೇಲೆ ಅವರೇ ಪ್ರಧಾನಿಯಾದರು. ಇದನ್ನು ಹಸ್ತಕ್ಷೇಪ ಅನ್ನಬಹುದು. ಜೈಲು, ಸೆನ್ಸಾರ್ ನಡುವೆ ಬದುಕಿದ ಪೋರ್ಚುಗೀಸರಿಗೆ ಅದು ಬೇರೆಯಾಗಿಯೇ ಕಂಡಿರುತ್ತದೆ. ಇನ್ನೊಂದು ಕಡೆ ನೋಡಿ. ಯುಕ್ರೇನ್ ಯುದ್ಧ ಶುರುವಾದ ಮೇಲೆ, 2022ರ ಏಪ್ರಿಲ್‌ನಲ್ಲಿ, ರಷ್ಯಾ 15 ವಿದೇಶಿ ಸಂಸ್ಥೆಗಳ ನೋಂದಣಿ ರದ್ದು ಮಾಡಿತು. ರೋಸಾ ಲಕ್ಸೆಂಬರ್ಗ್, ಎಬರ್ಟ್, ಅಡೆನಾವರ್, ಎಲ್ಲವೂ ಅದರಲ್ಲಿದ್ದವು. ಎಡ ಬಲ ಅಂತ ಅಲ್ಲಿ ಯಾರೂ ನೋಡಲಿಲ್ಲ.

ನಮ್ಮಲ್ಲಿ ಎಫ್‌ಸಿಆರ್‌ಎ, ಅಂದರೆ ವಿದೇಶಿ ದೇಣಿಗೆಯನ್ನು ನಿಯಂತ್ರಿಸುವ ಕಾಯ್ದೆ, ಇದೆ. ರಾಜಕೀಯ ಪಕ್ಷಗಳು, ಅಭ್ಯರ್ಥಿಗಳು, ಸರ್ಕಾರಿ ನೌಕರರು, ನ್ಯಾಯಾಧೀಶರು ವಿದೇಶಿ ದೇಣಿಗೆ ತೆಗೆದುಕೊಳ್ಳುವಂತಿಲ್ಲ. ಅದು ಸರಿಯೇ. 2020ರ ತಿದ್ದುಪಡಿ ಇನ್ನೂ ಮುಂದೆ ಹೋಯಿತು. ಒಂದು ಸಂಸ್ಥೆಗೆ ಬಂದ ದುಡ್ಡನ್ನು ಇನ್ನೊಂದಕ್ಕೆ ದಾಟಿಸುವಂತಿಲ್ಲ, ಆಡಳಿತ ಖರ್ಚು 50ರಿಂದ 20 ಶೇಕಡಾಕ್ಕೆ ಇಳಿಯಬೇಕು, ವಿದೇಶಿ ದುಡ್ಡು ಬಂದು ಸೇರುವ ಎಲ್ಲರ ಖಾತೆಯೂ ದೆಹಲಿಯ ಒಂದೇ ಸ್ಟೇಟ್ ಬ್ಯಾಂಕ್ ಶಾಖೆಯಲ್ಲಿ. 2022ರಲ್ಲಿ ಸುಪ್ರೀಂ ಕೋರ್ಟ್ ಕೂಡ ಇದನ್ನು ಎತ್ತಿಹಿಡಿಯಿತು. ದೊಡ್ಡ ಸಂಸ್ಥೆಗಳು ಹೇಗೋ ನಿಭಾಯಿಸಿದವು. ದೆಹಲಿಯ ಮೂಲಕ ಬರುತ್ತಿದ್ದ ನಮ್ಮ ದುಡ್ಡು ನಿಂತಿತು. ಭಾನುವಾರದ ಸಭೆಗಳೂ ನಿಂತವು. ದೇಶದ ಭದ್ರತೆ ಯಾರಿಗೆ ಬೇಡ? ಆದರೆ ಓಟಿ ಲೆಕ್ಕ ಹೇಳಿಕೊಡೋದರಿಂದ ಅದಕ್ಕೆ ಯಾವ ಅಪಾಯ ಇತ್ತು ಅಂತ ನನಗೆ ಇವತ್ತಿಗೂ ಅರ್ಥವಾಗಿಲ್ಲ.

ವಿದೇಶಿ ದುಡ್ಡಿನಿಂದಲೇ ಹೋರಾಟಗಳು ಹುಟ್ಟುತ್ತವೆ ಅನ್ನುವವರು 2016ರ ಏಪ್ರಿಲ್ ನೆನಪಿಸಿಕೊಳ್ಳಲಿ. ಪಿಎಫ್‌ನಲ್ಲಿ ಮಾಲೀಕರ ಪಾಲನ್ನು 58 ವರ್ಷ ಆಗುವವರೆಗೆ ತೆಗೆಯುವಂತಿಲ್ಲ ಅಂತ ಹೊಸ ನಿಯಮ ಬಂದಿತ್ತು. ಆ ವಯಸ್ಸಿನವರೆಗೆ ಯಾರು ಗಾರ್ಮೆಂಟ್ಸ್‌ನಲ್ಲಿ ಇರುತ್ತಾರೆ? ಮಗಳ ಮದುವೆ, ಸಾಲ, ಆಸ್ಪತ್ರೆ, ಎಲ್ಲಕ್ಕೂ ಅವರಿಗಿದ್ದದ್ದು ಆ ದುಡ್ಡೇ. ಸಾವಿರಾರು ಹೆಂಗಸರು ಮಷೀನ್ ಬಿಟ್ಟು ಎದ್ದು ಹೊಸೂರು ರಸ್ತೆಗೆ ಬಂದರು. ಪೀಣ್ಯದಲ್ಲೂ ಹಾಗೇ ಆಯಿತು. ಕರೆ ಕೊಟ್ಟ ನಾಯಕರಿರಲಿಲ್ಲ, ಕರಪತ್ರ ಇರಲಿಲ್ಲ. ಎರಡೇ ದಿನಕ್ಕೆ ಕೇಂದ್ರ ಸರ್ಕಾರ ಆ ನಿಯಮ ವಾಪಸ್ ತಗೊಂಡಿತು. ಇದಕ್ಕೆ ಯಾವ ಫೌಂಡೇಶನ್ ಕೂಡ ವೋಚರ್ ಬರೆದಿಲ್ಲ. ಹೊಟ್ಟೆಯ ಸಂಕಟಕ್ಕೆ ಬರ್ಲಿನ್‌ನಿಂದ ಅಪ್ಪಣೆ ಬೇಕಿಲ್ಲ. ಅವರ ದುಡ್ಡು ಮಾಡೋದು ಆಮೇಲಿನ ಕೆಲಸ: ನಡೆದದ್ದನ್ನು ಬರೆದಿಡೋದು, ಇನ್ನೊಂದು ಊರಿನವರಿಗೆ ತಲುಪಿಸೋದು.

ತಲುಪಿದರೆ ಏನಾಗುತ್ತದೆ ಅನ್ನೋದಕ್ಕೂ ಒಂದು ಉದಾಹರಣೆ ಇದೆ. ಜರ್ಮನಿಯ ಕಾರ್ಮಿಕ ಸಂಘಗಳು, ಚರ್ಚುಗಳು, ಇಂಥ ಹಲವು ಗುಂಪುಗಳು ವರ್ಷಗಟ್ಟಲೆ ಒತ್ತಾಯಿಸಿದ ಮೇಲೆ ಜರ್ಮನಿ 2021ರಲ್ಲಿ ಒಂದು ಕಾನೂನು ಮಾಡಿತು. ಅಲ್ಲಿನ ದೊಡ್ಡ ಕಂಪನಿಗಳು ತಮಗೆ ಸರಕು ಮಾಡಿಕೊಡುವ ಹೊರದೇಶದ ಕಾರ್ಖಾನೆಗಳಲ್ಲಿ ಕೆಲಸಗಾರರನ್ನು ಹೇಗೆ ನೋಡಿಕೊಳ್ಳುತ್ತಾರೆ ಅಂತ ಗಮನ ಇಡಲೇಬೇಕು. ಅದು 2023ರ ಜನವರಿಯಿಂದ ಜಾರಿಗೆ ಬಂತು. ಬೊಮ್ಮನಹಳ್ಳಿಯ ಒಂದು ಲೈನಿನಲ್ಲಿ ಕೂತವಳ ದೂರು ಜರ್ಮನ್ ಕಂಪನಿಯ ಕಚೇರಿವರೆಗೆ ಹೋಗೋಕೆ ಒಂದು ದಾರಿ ಆಯಿತು. ಆ ದಾರಿ ಇನ್ನೂ ಕಿರಿದಾಗಿದೆ, ಆದರೆ ಮೊದಲು ಅದೂ ಇರಲಿಲ್ಲ.

ನೀವು ಯಾವುದಾದರೂ ಫೌಂಡೇಶನ್ ಬಗ್ಗೆ ಅನುಮಾನ ಬಂದು ಕೇಳುತ್ತಿದ್ದರೆ, ಎಡವೋ ಬಲವೋ, ಮೊದಲು ಅವರ ಪುಸ್ತಕದ ಒಳಪುಟ ತೆರೆದು ನೋಡಿ. ಯಾವ ಸಚಿವಾಲಯದ ದುಡ್ಡು ಅಂತ ಸಾಮಾನ್ಯವಾಗಿ ಅಲ್ಲೇ ಅಚ್ಚಾಗಿರುತ್ತದೆ. ಇಲ್ಲಿನ ಸಂಸ್ಥೆಯಾದರೆ ಎಫ್‌ಸಿ-4 ಅನ್ನುವ ವಾರ್ಷಿಕ ಲೆಕ್ಕ ಕೊಡಬೇಕಾಗುತ್ತದೆ, ಅದನ್ನು ಕೇಳಿ. ಆಮೇಲೆ ಆ ಸಂಸ್ಥೆಯ ಸಭೆಗೆ ಒಂದು ಸಲ ಹೋಗಿ, ಚರ್ಚೆಯ ವಿಷಯ ಯಾರು ಆರಿಸಿದ್ದು ಅಂತ ಅಲ್ಲಿ ಕೂತ ಹೆಂಗಸರನ್ನೇ ಕೇಳಿ. ಅವರು ಮುಚ್ಚುಮರೆ ಇಲ್ಲದೆ ಹೇಳುತ್ತಾರೆ.