ಹಂದಿ ಕಾಟಕ್ಕೆ ಯಾವ ನಾಯಿ?

ಮೆಕ್ಕೆಜೋಳಕ್ಕೆ ನುಗ್ಗುವ ಹಂದಿಗಳ ಬೇಟೆಗೆ ಮುಧೋಳವೋ ರಾಜಪಾಳಯವೋ ಎಂದು ಕೇಳಿದ್ದೀರಿ. ಮೊದಲು ಒಂದು ಮಾತು: 1972ರ ವನ್ಯಜೀವಿ ಕಾಯ್ದೆಯ ಪ್ರಕಾರ ಅನುಮತಿಯಿಲ್ಲದೆ ಕಾಡುಹಂದಿಯನ್ನು ಹಿಡಿಯುವಂತಿಲ್ಲ, ಅಟ್ಟಿಸುವುದೂ ಬೇಟೆಯೇ. ಹಾಗಾಗಿ ಕಾವಲಿಗೆ ಮಾತ್ರ ನಾಯಿ ಹುಡುಕಿ.

ಮುಧೋಳ ಬಯಲಿನಲ್ಲಿ ಮೊಲದ ಬೆನ್ನು ಹತ್ತುವ ನಾಯಿ. ಚರ್ಮ ತೆಳು. ಹಂದಿಯ ಕೆಳಗಿನ ಕೋರೆ ಮೇಲಿನದಕ್ಕೆ ಉಜ್ಜಿ ಉಜ್ಜಿ ಕುಡುಗೋಲಿನಷ್ಟು ಹರಿತವಾಗಿರುತ್ತದೆ. ಒಂದೇ ತಿವಿತಕ್ಕೆ ಪಕ್ಕೆ ಸೀಳುತ್ತದೆ. ರಾಜಪಾಳಯವನ್ನು ತಮಿಳುನಾಡಿನಲ್ಲಿ ಹಿಂದೆ ಹಂದಿ ಬೇಟೆಗೆ ಬಳಸುತ್ತಿದ್ದುದು ನಿಜ. ಆದರೆ ಆ ಬಿಳಿ ಮರಿಗಳಲ್ಲಿ ಕೆಲವು ಹುಟ್ಟುಕಿವುಡು. ಕೊಳ್ಳುವುದೇ ಆದರೆ ಮರಿಯ ಬೆನ್ನ ಹಿಂದೆ ಚಪ್ಪಾಳೆ ತಟ್ಟಿ, ಕಿವಿ ಅಲುಗುತ್ತದೆಯೇ ನೋಡಿ.

ನನ್ನ ಮತ ನಾಟಿ ನಾಯಿಗೆ. ಎಲೆ ಅಲುಗಿದರೂ ಬೊಗಳುವ ಎರಡನ್ನು ಅಟ್ಟಣಿಗೆಯ ಬುಡದಲ್ಲಿ ಕಟ್ಟಿ. ರಾತ್ರಿ ಬಿಡಬೇಡಿ.