ಟ್ರ್ಯಾಪ್ ಶೂಟಿಂಗ್‌ಗೆ ಮೊದಲ ಬಂದೂಕು: ತಂದೆಯವರದು ಸಾಕೆ, ಬೇರೆಯದು ಬೇಕೆ?

ಪ್ರಶ್ನೆ: ನಾನು ಮಂಡ್ಯ ತಾಲ್ಲೂಕಿನವನು, ಕೆಲಸ, ವಾಸ ಎರಡೂ ಮೈಸೂರು ನಗರದಲ್ಲಿ. ವಯಸ್ಸು 34. ಪ್ಯಾರಿಸ್ ಒಲಿಂಪಿಕ್ಸ್‌ನಲ್ಲಿ ಪೃಥ್ವಿರಾಜ್ ತೊಂಡೈಮಾನ್ ಅವರ ಸ್ಪರ್ಧೆ ನೋಡಿದ ಮೇಲೆ ಹಾರುವ ಮಣ್ಣುಬಿಲ್ಲೆಗೆ ಗುರಿಯಿಡುವ ಟ್ರ್ಯಾಪ್ ಶೂಟಿಂಗ್ ಕಲಿಯುವ ಆಸೆಯಾಗಿದೆ. ಪಂಪ್ ಆಕ್ಷನ್ (ಮುಂದಿನ ಹಿಡಿಯನ್ನು ಹಿಂದೆಮುಂದೆ ಎಳೆದು ತೋಟಾ ತುಂಬುವ) ಬಂದೂಕು ಕಡಿಮೆ ಬೆಲೆಗೆ ಸಿಗುತ್ತದೆಂದು ಪರಿಚಿತರು ಹೇಳುತ್ತಾರೆ. ಊರಿನ ಮನೆಯಲ್ಲಿ 72 ವರ್ಷದ ನಮ್ಮ ತಂದೆಯವರ ಹೆಸರಿನಲ್ಲಿ, ಬೆಳೆ ರಕ್ಷಣೆಗೆಂದು ಪಡೆದ 12 ಬೋರಿನ (ಬೋರು ಅಂದರೆ ನಳಿಕೆಯ ಒಳಗಲದ ಅಳತೆ) ಹಳೆಯ ಜೋಡಿನಳಿಕೆ ಬಂದೂಕೂ ಇದೆ. ಖರ್ಚು ಹಿಡಿತದಲ್ಲಿರಬೇಕಾದರೆ ಯಾವುದನ್ನು ಆರಿಸಲಿ?

ಉತ್ತರ: ಪಂಪ್ ಆಕ್ಷನ್ ಬಂದೂಕಿನ ವಿಚಾರವನ್ನು ಮೊದಲೇ ಬಿಟ್ಟುಬಿಡಿ. ಅದು ಕೆಟ್ಟ ಬಂದೂಕೆಂದು ಹೀಗೆ ಹೇಳುತ್ತಿಲ್ಲ. ಅಂತರರಾಷ್ಟ್ರೀಯ ಶೂಟಿಂಗ್ ಒಕ್ಕೂಟದ ನಿಯಮದಲ್ಲಿ 12 ಬೋರು ಮೀರದ, ಚರೆ ಹಾರಿಸುವ ಎಲ್ಲ ಬಗೆಯ ಷಾಟ್‌ಗನ್‌ಗಳಿಗೂ, ಸೆಮಿ ಆಟೊಮ್ಯಾಟಿಕ್‌ಗೂ ಸಹ, ಅವಕಾಶವಿದೆ. ಪಂಪ್ ಆಕ್ಷನ್‌ಗೆ ಮಾತ್ರ ಇಲ್ಲ. ಸ್ಪರ್ಧೆಯ ಆಸೆ ಇಟ್ಟುಕೊಂಡು, ಸ್ಪರ್ಧೆಗೆ ಒಯ್ಯಲಾಗದ ಬಂದೂಕನ್ನು ಅಗ್ಗವೆಂಬ ಒಂದೇ ಕಾರಣಕ್ಕೆ ಕೊಂಡರೆ ಆ ಹಣ ದಂಡ.

ತಂದೆಯವರ ಜೋಡಿನಳಿಕೆಗೆ ಅಂಥ ತಡೆಯಿಲ್ಲ. ಆದರೆ ಪರವಾನಗಿ ಅವರದು, ನಿಮ್ಮದಲ್ಲ. ಮನೆಯ ಬಂದೂಕೆಂದು ನೀವು ಅದನ್ನು ಒಯ್ದು ಬಳಸುವಂತಿಲ್ಲ. (ಕೊಡಗಿನ ನೆಂಟರಿಂದ ಕೋವಿ ಎರವಲು ತರುವೆನೆನ್ನುವವರಿಗೂ ಇದೇ ಮಾತು: ಅಲ್ಲಿನ ಪರವಾನಗಿ ವಿನಾಯಿತಿ ಆ ನೆಂಟರಿಗೆ ಸೇರಿದ್ದು.) 2016ರ ಶಸ್ತ್ರಾಸ್ತ್ರ ನಿಯಮಗಳ ಪ್ರಕಾರ, ಪರವಾನಗಿದಾರರಿಗೆ 70 ವರ್ಷ ತುಂಬಿದ್ದರೆ ಅಥವಾ ಬಂದೂಕು ಅವರ ಬಳಿ 25 ವರ್ಷ ಇದ್ದಿದ್ದರೆ, ತಾವು ಸೂಚಿಸುವ ವಾರಸುದಾರರಿಗೆ ಅದು ಹೋಗುವಂತೆ ಅವರು ಕೋರಬಹುದು. ನಿಮ್ಮ ವಾಸ ಮೈಸೂರು ನಗರದಲ್ಲಿರುವುದರಿಂದ ನಿಮ್ಮ ಅರ್ಜಿ ನಗರ ಪೊಲೀಸ್ ಆಯುಕ್ತರಿಗೆ ಸಲ್ಲಬೇಕು. ಮಂಡ್ಯದಲ್ಲೇ ವಾಸವಿದ್ದಿದ್ದರೆ ಜಿಲ್ಲಾಧಿಕಾರಿಗಳಿಗೆ. ಅರ್ಜಿಯಲ್ಲಿ ಉದ್ದೇಶ ಕ್ರೀಡೆಯೆಂದು ಸ್ಪಷ್ಟವಾಗಿ ಬರೆಯಿರಿ. ಅಭ್ಯಾಸಕ್ಕೆ ಹೋಗುವ ರೇಂಜ್ ಬೇರೆ ಜಿಲ್ಲೆಯಲ್ಲಿದ್ದರೆ ಪರವಾನಗಿಯ ವ್ಯಾಪ್ತಿಯಲ್ಲಿ ಆ ಜಿಲ್ಲೆಯೂ ಸೇರಿದೆಯೇ ಎಂದು ನೋಡಿಕೊಳ್ಳಿ.

ಕಾಗದಪತ್ರ ಸರಿಯಾಯಿತೆಂದು ತೋಟಾ ತುಂಬಲು ಅವಸರಪಡಬೇಡಿ. ಹಳೆಯ ಬಂದೂಕುಗಳಲ್ಲಿ ಎಷ್ಟೋ ಕಡೆ ತೋಟಾ ಕೂರುವ ಚೇಂಬರ್ 65 ಮಿ.ಮೀ. ಉದ್ದದ್ದು, ಈಗಿನ ತೋಟಾಗಳು ಸಾಮಾನ್ಯವಾಗಿ 70 ಮಿ.ಮೀ.ನವು. ಬಾಯಿ ಮಡಿಚಿದ ಹೊಸ ತೋಟಾ ಹಳೆಯ ಚೇಂಬರಿನಲ್ಲಿ ಸಲೀಸಾಗಿ ಕೂರುವುದರಿಂದಲೇ ಜನ ಮೋಸಹೋಗುತ್ತಾರೆ. ಹಾರಿದಾಗ ಆ ಮಡಿಕೆ ಬಿಚ್ಚಿಕೊಳ್ಳಲು ಜಾಗವಿಲ್ಲದೆ ನಳಿಕೆಯೊಳಗಿನ ಒತ್ತಡ ಮಿತಿಮೀರಿ ಏರುತ್ತದೆ. ನಳಿಕೆಯ ಮೇಲೆ ಅಲೆಅಲೆಯಾದ ವಿನ್ಯಾಸ ಕಂಡರೆ ಅದು ಕಬ್ಬಿಣ, ಉಕ್ಕಿನ ಪಟ್ಟಿಗಳನ್ನು ಸುತ್ತಿ ಬೆಸೆದು ಮಾಡಿದ ಹಳೆಯ ಡಮಾಸ್ಕಸ್ ನಳಿಕೆಯಾಗಿರಬಹುದು. ಅದಕ್ಕೆ ಈಗಿನ ತೋಟಾಗಳನ್ನು ಹಾಕಲೇಬಾರದು. ಪರವಾನಗಿ ಪಡೆದ ಬಂದೂಕು ರಿಪೇರಿಯವರ ಮುಂದೆ, ಬಂದೂಕು ಖಾಲಿಯಿದೆಯೆಂದು ಖಚಿತಪಡಿಸಿಕೊಂಡು, ನಳಿಕೆಗಳನ್ನು ಬಿಚ್ಚಿಸಿ, ಕೊಕ್ಕೆಯಿಂದ ತೂಗಹಾಕಿ ಬೆರಳ ಗೆಣ್ಣಿನಿಂದ ಮೆಲ್ಲಗೆ ತಟ್ಟಿರಿ. ಗಂಟೆಯಂತೆ ನಾದ ಬಂದರೆ ಎರಡು ನಳಿಕೆಗಳನ್ನು ಜೋಡಿಸಿದ ಬೆಸುಗೆ ಗಟ್ಟಿಯಿದೆ. ಗೊರಗೊರ ಸದ್ದು ಬಂದರೆ ಎಲ್ಲೋ ಬಿಟ್ಟಿದೆ. ನಳಿಕೆಯನ್ನು ಬೆಳಕಿಗೆ ಹಿಡಿದಾಗ ಒಳಗೆ ತುಕ್ಕಿನ ಗುಳಿಯೋ ತಗ್ಗೋ ಇದ್ದರೆ ಬೆಳಕಿನ ಬಳೆಗಳು ಅಂಕುಡೊಂಕಾಗಿ ಕಾಣುತ್ತವೆ.

ಇಷ್ಟೆಲ್ಲ ಸರಿಯಿದ್ದರೂ ಅದು ಟ್ರ್ಯಾಪ್‌ಗೆ ಹೇಳಿಮಾಡಿಸಿದ ಬಂದೂಕಲ್ಲ. ಈ ಆಟದಲ್ಲಿ ಶೂಟರ್ ನಿಲ್ಲುವ ಸಾಲಿನಿಂದ 15 ಮೀಟರ್ ಮುಂದೆ, ಕಂದಕದಲ್ಲಿರುವ ಯಂತ್ರಗಳಿಂದ 110 ಮಿ.ಮೀ. ಅಗಲದ ಮಣ್ಣುಬಿಲ್ಲೆ ಮೇಲೇರುತ್ತ ದೂರ ಸರಿಯುತ್ತದೆ. ಅದಕ್ಕಾಗಿಯೇ ಟ್ರ್ಯಾಪ್ ಬಂದೂಕಿನ ಸ್ಟಾಕ್ (ಭುಜಕ್ಕೆ ಆನಿಸುವ ಹಿಂಭಾಗ), ಕೆನ್ನೆ ಆನಿಸುವ ಕಡೆ, ಎತ್ತರವಾಗಿದ್ದು, ಗುರಿಗಿಂತ ತುಸು ಮೇಲಕ್ಕೆ ಚರೆ ಹೋಗುವಂತೆ ಇರುತ್ತದೆ. ಬಿಲ್ಲೆಯನ್ನು ನಳಿಕೆಯಿಂದ ಮರೆಮಾಡದೆ ಹೊಡೆಯಬಹುದು. ಬೆಳೆ ಕಾಯುವ ಹಗುರ ಬಂದೂಕಿನಲ್ಲಿ ಸ್ಟಾಕ್ ತಗ್ಗು, ತೂಕ ಕಡಿಮೆ, ಹಾಗಾಗಿ ಒದೆತ ಹೆಚ್ಚು. ಆದರೂ ನಾನು ಅದನ್ನು ತಳ್ಳಿಹಾಕುವುದಿಲ್ಲ: ಕೆನ್ನೆಯ ಜಾಗಕ್ಕೆ ಒಂದು ಪಟ್ಟಿ, ಹಿಂಬದಿಗೆ ಒಂದು ರಬ್ಬರ್ ಪ್ಯಾಡ್ ಹಾಕಿಸಿ 24 ಗ್ರಾಂ ಚರೆಯ ತೋಟಾ ಬಳಸಿದರೆ, ಮೊದಲ ವರ್ಷದ ಕಲಿಕೆಗೆ ಅದು ಸಾಲುತ್ತದೆ.

ನಿಜವಾದ ಖರ್ಚು ಇರುವುದು ತೋಟಾದಲ್ಲಿ. ಒಂದು ಸುತ್ತಿಗೆ 25 ಬಿಲ್ಲೆ, ಪ್ರತಿ ಬಿಲ್ಲೆಗೆ ಎರಡು ಗುಂಡಿಗೆ ಅವಕಾಶ. ಹಾಗಾಗಿ ನಾಲ್ಕು ಸುತ್ತು ಮುಗಿಸುವಷ್ಟರಲ್ಲಿ 100ರಿಂದ 200 ತೋಟಾ ಖಾಲಿಯಾಗುತ್ತವೆ. ಬಂದೂಕಿಗೆ ಎಲ್ಲ ಹಣ ಸುರಿದು ತಿಂಗಳಿಗೊಂದು ಸುತ್ತು ಹೊಡೆಯುವವರಿಗಿಂತ, ಸಾಧಾರಣ ಬಂದೂಕಿನಲ್ಲಿ ವಾರವಾರ ಹೊಡೆಯುವವರೇ ಬೇಗ ಕಲಿಯುತ್ತಾರೆ. ಅರ್ಜಿ ಇತ್ಯರ್ಥವಾಗುವವರೆಗೂ ಸುಮ್ಮನೆ ಕೂರಬೇಕಿಲ್ಲ. ಪರವಾನಗಿ ಇರುವ ರೈಫಲ್ ಕ್ಲಬ್ಬಿನ ಸದಸ್ಯರಾದರೆ, ಕ್ಲಬ್ಬಿನ ಬಂದೂಕಿನಿಂದಲೇ ರೇಂಜಿನಲ್ಲಿ ಅಭ್ಯಾಸ ಮಾಡಬಹುದು. ಷಾಟ್‌ಗನ್ ಸೌಲಭ್ಯವಿರುವ ಕ್ಲಬ್ ಯಾವುದೆಂದು ಕರ್ನಾಟಕ ರಾಜ್ಯ ರೈಫಲ್ ಸಂಸ್ಥೆಯಲ್ಲಿ ವಿಚಾರಿಸಿ.

ಮುಂದೆ ಆಟ ಕೈಹತ್ತಿದಾಗ, ಒಂದರ ಮೇಲೊಂದು ನಳಿಕೆಯಿರುವ ಬಳಸಿದ ಬಂದೂಕು ಹುಡುಕಿ. ನಳಿಕೆ 30 ಅಥವಾ 32 ಅಂಗುಲ, ತೂಕ ಮೂರೂವರೆಯಿಂದ ನಾಲ್ಕು ಕಿಲೊ, ಬಿಗಿಯಾದ ಚೋಕ್ (ನಳಿಕೆಯ ಬಾಯಿ ಕಿರಿದಾಗುವ ಭಾಗ) ಇದ್ದರೆ ಒಳ್ಳೆಯದು. ಬೆರೆಟ್ಟಾ, ಬ್ರೌನಿಂಗ್ ಹೆಸರುಗಳು ನಿಮಗೆ ಕೇಳಿಬರುತ್ತವೆ. ಆಮದಿನ ಅನುಕೂಲ ಹೆಚ್ಚಾಗಿ ನಿಗದಿತ ಅಂಕ ಗಳಿಸಿದ ಶೂಟರ್‌ಗಳಿಗೆ ಮಾತ್ರ ಇರುವುದರಿಂದ ನಮ್ಮಲ್ಲಿ ಅವುಗಳ ಬೆಲೆ ವಿಪರೀತ. ಹೆಸರಿಗೆ ಮರುಳಾಗಬೇಡಿ. ಕಣ್ಣು ಮುಚ್ಚಿ ಖಾಲಿ ಬಂದೂಕನ್ನು ಭುಜಕ್ಕೇರಿಸಿ, ಕೆನ್ನೆ ಆನಿಸಿ, ಕಣ್ಣು ತೆರೆಯಿರಿ: ನಳಿಕೆಯ ಮೇಲಿನ ಪಟ್ಟಿ ನೇರವಾಗಿ ಕಣ್ಣೆದುರಿಗೇ ಬಂದಿದ್ದರೆ ಅದು ನಿಮಗೆ ಹೊಂದುವ ಬಂದೂಕು. ಕತ್ತು ಬಾಗಿಸಿ, ಮುಖ ಸರಿಸಿ ಹೊಂದಿಸಿಕೊಳ್ಳಬೇಕಾಗಿ ಬಂದರೆ ಎಷ್ಟು ಅಗ್ಗವಾದರೂ ಬೇಡ.

ಪ್ರಶ್ನೆ: ಪರವಾನಗಿ ನನ್ನ ಹೆಸರಿಗೆ ಬಂದ ಮೇಲೆ, ಕೊಯ್ಲು ಮುಗಿದ ನಮ್ಮ ಗದ್ದೆಯಲ್ಲೇ ಬಿಲ್ಲೆ ಎಸೆದು ಅಭ್ಯಾಸ ಮಾಡಬಹುದೇ?

ಉತ್ತರ: ಬೇಡ. ಟ್ರ್ಯಾಪ್‌ಗೆ ಬಳಸುವ ಸಣ್ಣ ಚರೆ ಕೂಡ ಸುಮಾರು 200 ಮೀಟರ್‌ವರೆಗೆ ಹೋಗಿ ಬೀಳುತ್ತದೆ; ನಾಲೆ ಏರಿಯ ಮೇಲೆ, ಪಕ್ಕದ ಕಬ್ಬಿನ ಗದ್ದೆಯೊಳಗೆ ಯಾರಿದ್ದಾರೆಂದು ನಿಮಗೆ ಕಾಣುವುದಿಲ್ಲ. ಅಜಾಗರೂಕತೆಯಿಂದ ಗುಂಡು ಹಾರಿಸಿ ಜೀವಕ್ಕೆ ಅಪಾಯ ಒಡ್ಡಿದರೆ, 2019ರ ತಿದ್ದುಪಡಿಯ ನಂತರ ಎರಡು ವರ್ಷದವರೆಗೆ ಸೆರೆ ಅಥವಾ ಒಂದು ಲಕ್ಷ ರೂಪಾಯಿವರೆಗೆ ದಂಡ ಅಥವಾ ಎರಡೂ ಆಗಬಹುದು. ಗದ್ದೆಯಲ್ಲಿ ಅಲ್ಲ, ಮನೆಯ ಕೋಣೆಯಲ್ಲಿ ಖಾಲಿ ಬಂದೂಕನ್ನು ದಿನವೂ ಭುಜಕ್ಕೇರಿಸಿ ಇಳಿಸುವ ಅಭ್ಯಾಸ ಮಾಡಿ. ತೋಟಾಗಳು ಮಾತ್ರ ಬೇರೆ ಕೋಣೆಯಲ್ಲಿ, ಬೀಗದೊಳಗೆ ಇರಲಿ.